ಮಣ್ಣಿಗೆ ನಾರಿನ ಬಲ

ಒಂದು ಹಿಡಿ ಜೇಡಿಮಣ್ಣು ಕಲಸಿ, ಉಂಡೆ ಕಟ್ಟಿ ಬಿಸಿಲಿಗಿಡಿ. ಒಣಗಿದಾಗ ಬಿರುಕು ಬಿಟ್ಟಿರುತ್ತೆ. ಈಗ ಅದೇ ಮಣ್ಣಿಗೆ ಬೆರಳುದ್ದ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ನೋಡಿ. ಬಿರುಕು ಬಂದರೂ ಕೂದಲೆಳೆಯಷ್ಟು. ಹತ್ತಿರದಿಂದ ಇಣುಕಿ: ಹುಲ್ಲಿನ ಎಳೆಗಳು ಬಿರುಕಿನ ಎರಡೂ ದಡ ಹಿಡಿದು ನಿಂತಿವೆ!

ಮಣ್ಣು ಅದುಮಿದರೆ ತಡೆಯುತ್ತೆ, ಎಳೆದರೆ ಸೋಲುತ್ತೆ. ಆ ಎಳೆತವನ್ನು ನಾರು ಹೊರುತ್ತೆ. ಮುಖ್ಯವಾಗಿ ಮಣ್ಣಿನ ಕಣಗಳ ಜೊತೆಗಿನ ತಿಕ್ಕಾಟದಿಂದ. ಅದಕ್ಕೇ ನುಣುಪು ನಾರಿಗಿಂತ ತರಿತರಿ ನಾರು ವಾಸಿ.

ನಮ್ಮ ಹಿರಿಯರು ಗೋಡೆಯ ಮಣ್ಣಿಗೆ ಹುಲ್ಲು ಹಾಕಿ ತುಳಿದದ್ದೂ ಇದಕ್ಕೇ. ಈಗ ರಸ್ತೆಯ ಬುಡಕ್ಕೆ, ಇಳಿಜಾರಿಗೆ ತೆಂಗಿನ ನಾರು, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆ ಬೆರೆಸುತ್ತಾರೆ. 100 ಕಿಲೋ ಒಣ ಮಣ್ಣಿಗೆ ಸಾಮಾನ್ಯವಾಗಿ ಅರ್ಧದಿಂದ 1 ಕಿಲೋ ಸಾಕು. ಅತಿಯಾದರೆ ನಾರು ಗಂಟುಕಟ್ಟಿ, ಅಲ್ಲೇ ಮಣ್ಣು ಸಡಿಲವಾಗುತ್ತೆ.

ಧಾರವಾಡ, ವಿಜಯಪುರ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬುವಂಥದ್ದು. ಅಲ್ಲಿ ನಾರೊಂದೇ ಸಾಲದು, ಸುಣ್ಣವೂ ಬೇಕು.

ನನ್ನ ಮನಸ್ಸು ಮಾತ್ರ ತೆಂಗಿನ ನಾರಿಗೇ. ಗಿಡಕ್ಕೆ ಗಡಸುತನ ಕೊಡುವ ಲಿಗ್ನಿನ್ ಅದರಲ್ಲಿ ಹೆಚ್ಚಿರೋದ್ರಿಂದ ನಿಧಾನವಾಗಿ ಕೊಳೆಯುತ್ತೆ. ಇಳಿಜಾರಿನಲ್ಲಿ ಅದು ಕೊಳೆಯುವಷ್ಟರಲ್ಲಿ, ಮೇಲೆ ನೆಟ್ಟ ಹುಲ್ಲು ಬೇರಿಳಿಸಿ ಮಣ್ಣನ್ನು ತಾನೇ ಹಿಡಿದುಕೊಂಡಿರುತ್ತೆ.