ಊರ ಶಾಲೆಯನ್ನು ದೊಡ್ಡ ಶಾಲೆಗೆ ಸೇರಿಸುವ ಮುನ್ನ



ಶೇಂಗಾ ಬಿತ್ತುವ ಮುನ್ನ ಬೀಜವನ್ನು ಅಂಗೈ ಮೇಲೆ ಹಾಕಿಕೊಂಡು ನೋಡುತ್ತೀರಿ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೀರಿ. ಆದರೆ ಊರ ಶಾಲೆಯ ಮಾತು ಬಂದಾಗ ‘ಅದು ಸರ್ಕಾರದ್ದು, ಅವರು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಾಗುವುದುಂಟು. ಶಾಲೆ ನಡೆಯುವುದು ಸರ್ಕಾರದ ಹಣದಿಂದ, ನಿಜ. ಅದರಲ್ಲಿ ಕೂರುವ ಮಕ್ಕಳು ಮಾತ್ರ ನಿಮ್ಮವರು. ಆದ್ದರಿಂದ ಈಗ ನಡೆದಿರುವ ಒಂದು ಚರ್ಚೆಯನ್ನು ನೀವು ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ.

ಚರ್ಚೆ ಏನು?

ಶಿಶುತರಗತಿಯಿಂದ ಹಿಡಿದು ಪದವಿಪೂರ್ವ ತರಗತಿಯವರೆಗೆ ಒಂದೇ ಆವರಣದಲ್ಲಿ ಕಲಿಸುವ ಸರ್ಕಾರಿ ಶಾಲೆಗೆ ‘ಕರ್ನಾಟಕ ಪಬ್ಲಿಕ್ ಶಾಲೆ’ ಎಂದು ಹೆಸರು. 2018-19ನೇ ಸಾಲಿನಲ್ಲಿ 176 ಶಾಲೆಗಳಿಂದ ಇದು ಮೊದಲಾಯಿತು. 2025-26ರ ಆಯವ್ಯಯದಲ್ಲಿ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇಂಥ 500 ಹೊಸ ಶಾಲೆಗಳನ್ನು ಮಾಡುವುದಾಗಿ ಸರ್ಕಾರ ಪ್ರಕಟಿಸಿತು. ಅದೇ ವರ್ಷ ‘ಮ್ಯಾಗ್ನೆಟ್ ಶಾಲೆ’ ಎಂಬ ಮಾತೂ ಕೇಳಿಬಂದಿತು. ಮ್ಯಾಗ್ನೆಟ್ ಎಂದರೆ ಅಯಸ್ಕಾಂತ. ಸುತ್ತಣ ಸಣ್ಣ ಶಾಲೆಗಳ ಮಕ್ಕಳನ್ನು ಒಂದು ದೊಡ್ಡ ಶಾಲೆಗೆ ಸೆಳೆದುಕೊಳ್ಳುವುದು ಇದರ ಭಾವ. ಹೀಗಾದರೆ ಹಳ್ಳಿ ಶಾಲೆಗಳು ಮುಚ್ಚಿಹೋಗುತ್ತವೆಂದು ವಿದ್ಯಾರ್ಥಿ ಸಂಘಟನೆಗಳು ವಿರೋಧಿಸಿದವು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸರ್ಕಾರ ಉತ್ತರ ಹೇಳಿತು.

ಎರಡು ಕಡೆಯ ಮಾತಿನಲ್ಲೂ ತಿರುಳಿದೆ. ಒಂದೊಂದಾಗಿ ನೋಡೋಣ.

ದೊಡ್ಡ ಶಾಲೆಯ ಅನುಕೂಲ

ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು ಎಂಬುದು ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕ. ಐದು ತರಗತಿ, ಇಬ್ಬರು ಉಪಾಧ್ಯಾಯರು. ಒಬ್ಬರು ಸಭೆಗೋ ತರಬೇತಿಗೋ ಹೋದರೆ ಉಳಿದವರು ಒಬ್ಬರೇ. ದೊಡ್ಡ ಶಾಲೆಯಲ್ಲಾದರೆ ತರಗತಿಗೊಬ್ಬ ಉಪಾಧ್ಯಾಯರು, ವಿಷಯಕ್ಕೊಬ್ಬರು, ಪ್ರಯೋಗಶಾಲೆ, ಆಟದ ಮೈದಾನ ಇವೆಲ್ಲಕ್ಕೂ ಅವಕಾಶವುಂಟು. ಇಂಗ್ಲಿಷ್ ಮಾಧ್ಯಮ ಬೇಕೆಂಬ ಪೋಷಕರ ಬೇಡಿಕೆಗೂ ಅಲ್ಲಿ ಎಡೆಯುಂಟು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಸಣ್ಣ ಶಾಲೆಯ ಅನುಕೂಲ

ಸಣ್ಣ ಶಾಲೆಯಲ್ಲಿ ಕಲಿಕೆಯೇ ಆಗದೆಂಬುದೂ ತಪ್ಪು. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ‘ನಲಿಕಲಿ’ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲೇ ಹುಟ್ಟಿ, ಮುಂದೆ ರಾಜ್ಯಕ್ಕೆಲ್ಲ ಹರಡಿತು.

ಎಲ್ಲಕ್ಕಿಂತ ಮುಖ್ಯವಾದುದು ದೂರ. ಆರು ವರ್ಷದ ಮಗು ಮನೆಯಿಂದ ನಡೆದು ಹೋಗಿ ಬರುವಷ್ಟು ಹತ್ತಿರ ಶಾಲೆ ಇರಬೇಕು. ನಮ್ಮ ಶಿರಾ ತಾಲ್ಲೂಕನ್ನೇ ನೋಡಿ. ಬೆಂಗಳೂರು-ಪುಣೆ ಹೆದ್ದಾರಿ ತಾಲ್ಲೂಕನ್ನು ಸೀಳಿಕೊಂಡು ಹೋಗುತ್ತದೆ. ಬುಕ್ಕಾಪಟ್ಟಣದ ಕಡೆ ಕಾಡಿದೆ, ಕರಡಿ ಚಿರತೆಗಳಿವೆ. ಗೊಲ್ಲರಹಟ್ಟಿಗಳೂ ತಾಂಡಾಗಳೂ ದೊಡ್ಡ ಊರಿನಿಂದ ದೂರದಲ್ಲಿವೆ. ನಕ್ಷೆಯ ಮೇಲೆ ಎರಡು ಮೈಲಿ ಎಂದು ಬರೆಯುವುದು ಸುಲಭ. ಅದನ್ನು ಮಗುವಿನ ಕಾಲಿನಿಂದ ಅಳೆಯಬೇಕು. ದೂರ ಹೆಚ್ಚಾದಾಗ ಮೊದಲು ಶಾಲೆ ಬಿಡುವವಳು ಹೆಣ್ಣುಮಗಳು. ಆಮೇಲೆ ಕೂಲಿಗೆ ಹೋಗುವವರ ಮಗು.

ಹತ್ತು ಕುಂಟೆಗಳ ನೀರನ್ನು ಒಂದೇ ಕೆರೆಗೆ ತಿರುಗಿಸಿದರೆ ಕೆರೆ ತುಂಬೀತು. ಆದರೆ ಕುಂಟೆಯ ಕೆಳಗಿನ ಹೊಲಕ್ಕೆ ನೀರು ಹೇಗೆ ಬರುತ್ತದೆಂದು ಮೊದಲೇ ಕೇಳಿಕೊಳ್ಳಬೇಕು. ಶಾಲೆಯ ಮಾತೂ ಹಾಗೆಯೇ.

ಹೊರಗಿನ ಅನುಭವ

ರಾಜಸ್ಥಾನದಲ್ಲಿ 2014ರಲ್ಲಿ ಸುಮಾರು 17 ಸಾವಿರ ಶಾಲೆಗಳನ್ನು ಬೇರೆ ಶಾಲೆಗಳಲ್ಲಿ ವಿಲೀನ ಮಾಡಿದರು. ಜನರ ಆಕ್ಷೇಪಣೆಯ ಮೇಲೆ ಕೆಲವನ್ನು ಮತ್ತೆ ಬೇರ್ಪಡಿಸಬೇಕಾಯಿತು. ಅಳೆದು ಮಾಡಬೇಕಾದುದನ್ನು ಮಾಡಿ ಅಳೆದಂತಾಯಿತು.

ಇಂಗ್ಲೆಂಡಿನದು ಇನ್ನೊಂದು ಬಗೆ. ಅಲ್ಲಿ ಶಾಲೆಗಳು ಸ್ಥಳೀಯ ಪರಿಷತ್ತಿನ ಕೈಯಲ್ಲಿದ್ದವು. 2002ರಿಂದ ಕೆಲವು ಶಾಲೆಗಳನ್ನು ‘ಅಕಾಡೆಮಿ’ ಎಂದು ಮಾಡಿ ಟ್ರಸ್ಟುಗಳಿಗೆ ಒಪ್ಪಿಸಿದರು. ಹಣ ಸರ್ಕಾರದ್ದು, ಆಡಳಿತ ಟ್ರಸ್ಟಿನದು. 2010ರ ಕಾನೂನಿನ ನಂತರ ಅವು ಬಹಳವಾಗಿ ಹೆಚ್ಚಿದವು. 2016ರಲ್ಲಿ ಎಲ್ಲ ಶಾಲೆಗಳನ್ನೂ ಕಡ್ಡಾಯವಾಗಿ ಅಕಾಡೆಮಿ ಮಾಡುವ ಯೋಜನೆ ಹೊರಬಂತು. ಆಡಳಿತ ಮಂಡಳಿಯಲ್ಲಿ ಪೋಷಕರು ಇರಲೇಬೇಕೆಂಬ ನಿಯಮ ಬೇಡವೆಂಬ ಸೂಚನೆಯೂ ಅದರಲ್ಲಿತ್ತು. ಆಳುವ ಪಕ್ಷದವರೂ ಸೇರಿ ಹಲವರು ವಿರೋಧಿಸಿದ ಮೇಲೆ ಎರಡು ತಿಂಗಳೊಳಗೆ ಕಡ್ಡಾಯದ ಮಾತನ್ನು ಕೈಬಿಟ್ಟರು.

ನಮ್ಮ ಪಬ್ಲಿಕ್ ಶಾಲೆ ಟ್ರಸ್ಟಿನದಲ್ಲ, ಸರ್ಕಾರದ್ದೇ. ಎರಡನ್ನೂ ಒಂದೆಂದು ಭಾವಿಸಬಾರದು. ಆದರೆ ಪಾಠ ಒಂದಿದೆ: ಶಾಲೆ ಯಾವ ಹೆಸರಿನದಾದರೂ ಆಗಲಿ, ತಪ್ಪಾದಾಗ ತಂದೆತಾಯಿ ಯಾರನ್ನು ಕೇಳಬೇಕು ಎಂಬುದು ಸ್ಪಷ್ಟವಾಗಿರಬೇಕು.

ಹೊರಗಿನವರ ನೆರವೇ ಬೇಡವೆಂದು ಇದರ ಅರ್ಥವಲ್ಲ. 2024ರಲ್ಲಿ ನಮ್ಮ ರಾಜ್ಯದ ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ದಿನವಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಿದಾಗ, ಹೆಚ್ಚುವರಿ ನಾಲ್ಕು ದಿನದ ಖರ್ಚನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವಹಿಸಿಕೊಂಡಿತು. ಶಾಲೆಯ ಆಡಳಿತ ಅದರಿಂದ ಕೈಬದಲಾಗಲಿಲ್ಲ. ನೆರವು ಬೇರೆ, ಯಜಮಾನಿಕೆ ಬೇರೆ.

ನಿಮ್ಮ ಕೈಯಲ್ಲಿರುವ ಅಧಿಕಾರ

ಶಿಕ್ಷಣ ಹಕ್ಕು ಕಾಯಿದೆ 2009ರದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ನೆರೆಯಲ್ಲೇ ಶಾಲೆ ಇರಬೇಕೆಂದು ಅದು ಹೇಳುತ್ತದೆ. ನಿಯಮದ ಪ್ರಕಾರ ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರ್, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರೂ ಇರಬೇಕು. ನಮ್ಮಲ್ಲಿ 2001ರಿಂದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಸಮಿತಿಯ ಕೆಲಸ. ಸ್ವಾತಂತ್ರ್ಯ ದಿನದಂದು ಸಿಹಿ ಹಂಚುವುದಷ್ಟೇ ಅಲ್ಲ.

ನಿಮ್ಮೂರ ಶಾಲೆಯನ್ನು ಸೇರಿಸುವ ಪ್ರಸ್ತಾಪ ಬಂದರೆ ಕೂಗಾಡುವುದೂ ಬೇಡ, ತಲೆಯಾಡಿಸುವುದೂ ಬೇಡ. ಸಮಿತಿಯ ಸಭೆ ಕರೆದು ಈ ಪ್ರಶ್ನೆಗಳನ್ನು ಕೇಳಿರಿ:

1. ಆದೇಶದ ಪ್ರತಿ ಎಲ್ಲಿದೆ? ಬಾಯಿಮಾತು ಸಾಲದು.

2. ಕಟ್ಟಕಡೆಯ ಮನೆಯಿಂದ ಹೊಸ ಶಾಲೆಗೆ ದೂರವೆಷ್ಟು? ದಾರಿಯಲ್ಲಿ ಹೆದ್ದಾರಿ, ಹಳ್ಳ, ಕಾಡು ಇದೆಯೆ? ಊರವರೇ ಒಮ್ಮೆ ನಡೆದು ಬರಬೇಕು.

3. ವಾಹನ ಕೊಡುವುದಾದರೆ ಡೀಸೆಲು, ಚಾಲಕನ ಸಂಬಳ ಯಾರದು? ಎಷ್ಟು ವರ್ಷ? ವಾಹನ ಕೆಟ್ಟ ದಿನ ಮಗು ಏನು ಮಾಡಬೇಕು?

4. ಈಗಿರುವ ಉಪಾಧ್ಯಾಯರೂ ಅಡುಗೆಯವರೂ ಎಲ್ಲಿಗೆ ಹೋಗುತ್ತಾರೆ?

5. ಶಾಲೆಯ ಜಾಗ, ಕಟ್ಟಡ ಏನಾಗುತ್ತದೆ? ಅದರ ದಾಖಲೆ ಯಾರ ಹೆಸರಿನಲ್ಲಿದೆ?

6. ಹೊಸ ಶಾಲೆಯ ಸಮಿತಿಯಲ್ಲಿ ನಮ್ಮೂರ ಪೋಷಕರಿಗೆ ಸ್ಥಾನ ಉಂಟೆ?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಗ್ರಾಮಸಭೆಯಲ್ಲಿ ಓದಿಸಿರಿ. ತೃಪ್ತಿಯಾದರೆ ಒಪ್ಪಿರಿ. ಇಲ್ಲವಾದರೆ ಕಾರಣ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿರಿ. ಚಿಕ್ಕ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು, ದೊಡ್ಡ ತರಗತಿಯವರನ್ನು ಮಾತ್ರ ಕಳುಹಿಸುವ ನಡುದಾರಿಯನ್ನೂ ಸೂಚಿಸಬಹುದು.

ಕೊನೆಯ ಮಾತು

ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ಎಷ್ಟೋ ಶಾಲೆಗಳು ಆದೇಶದಿಂದಲ್ಲ, ಹಾಜರಿ ಇಲ್ಲದೆ ಬಡವಾದವು. ಬೆಳಿಗ್ಗೆ ಊರಬಾಗಿಲಿಗೆ ಬರುವ ಖಾಸಗಿ ಶಾಲೆಯ ವ್ಯಾನಿಗೆ ನಮ್ಮ ಮಕ್ಕಳನ್ನು ಹತ್ತಿಸಿ, ಸಂಜೆ ‘ಊರ ಶಾಲೆ ಉಳಿಯಬೇಕು’ ಎಂದರೆ ಆ ಮಾತಿಗೆ ತೂಕ ಎಲ್ಲಿಂದ ಬಂದೀತು?

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ಜನ ಜಾಗ ಕೊಟ್ಟು, ಕಲ್ಲು ಹೊತ್ತು, ಶ್ರಮದಾನದಿಂದ ಶಾಲೆ ಎಬ್ಬಿಸಿದರು. ಅವರಲ್ಲಿ ಅನೇಕರಿಗೆ ಅಕ್ಷರ ಬಾರದು. ನಮಗೆ ಬರುತ್ತದೆ. ಈ ತಿಂಗಳ ಸಮಿತಿ ಸಭೆ ಯಾವತ್ತೆಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಿ. ಅಂದು ಅರ್ಧ ದಿನದ ಕೆಲಸ ಬಿಟ್ಟು, ಮನೆಯ ಹೆಂಗಸರನ್ನೂ ಕರೆದುಕೊಂಡು, ತಪ್ಪದೆ ಹೋಗಿ ಕೂಡಿರಿ.