ಸವೆದ ನಾಣ್ಯದ ಬೆಲೆ

ಉತ್ತರ ಕನ್ನಡ ಜಿಲ್ಲೆಯ ಕಡಲ ತಡಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ಪಟ್ಟಣಗಳು ದಕ್ಷಿಣದಿಂದ ಉತ್ತರಕ್ಕೆ ಸಾಲಾಗಿ ನೆಲೆಸಿವೆ. ಬೆಳಗಿನ ಹೊತ್ತು ದೋಣಿಗಳು ದಡ ಸೇರಿದೊಡನೆ ಇಲ್ಲಿ ವ್ಯಾಪಾರ ಮೊದಲಾಗುತ್ತದೆ. ಮೀನಿನ ಬುಟ್ಟಿ ಹೊತ್ತ ಹೆಂಗಸರು, ಮಲ್ಲಿಗೆಯ ದಂಡೆ ಮಾರುವವರು, ಬಸಳೆ ಸೊಪ್ಪಿನ ಕಟ್ಟುಗಳನ್ನು ಮುಂದಿಟ್ಟುಕೊಂಡು ಕುಳಿತವರು, ಚಹಾದಂಗಡಿಯವರು, ಬಸ್ಸಿನ ನಿರ್ವಾಹಕರು ಇವರೆಲ್ಲರ ಕೈಯಿಂದ ಕೈಗೆ ನಾಣ್ಯಗಳು ಹರಿಯುತ್ತವೆ. ಮೊಬೈಲ್ ಫೋನಿನ ಮೂಲಕ ಹಣ ಸಲ್ಲಿಸುವ ಪದ್ಧತಿ ಇಂದು ಸಂತೆಯವರೆಗೂ ಬಂದಿದೆ. ಆದರೂ ಸಣ್ಣ ವ್ಯಾಪಾರಕ್ಕೆ ಚಿಲ್ಲರೆಯ ಅಗತ್ಯ ತಪ್ಪಿಲ್ಲ.

ಹೀಗೆ ಕೂಡಿದ ಚಿಲ್ಲರೆಯನ್ನು ಗಂಟು ಕಟ್ಟಿಕೊಂಡು ಮೀನು ಮಾರುವ ಹೆಂಗಸೊಬ್ಬಳು ಪೇಟೆಯಲ್ಲಿ ನೋಟಿಗೆ ಬದಲಾಯಿಸಿಕೊಳ್ಳಲು ಬಂದಳೆಂದು ಭಾವಿಸೋಣ. ನಾಣ್ಯ ಎಣಿಸುವ ಯಂತ್ರದಲ್ಲಿ ಅವಳ ಗಂಟನ್ನು ಸುರಿಯಲಾಗುತ್ತದೆ. ಯಂತ್ರವು ಗರಗರನೆ ತಿರುಗಿ ನಾಣ್ಯಗಳನ್ನು ಎಣಿಸುತ್ತದೆ. ಕೆಲವನ್ನು ಮಾತ್ರ ಬೇರೆಯಾಗಿ ಒಂದು ತಟ್ಟೆಗೆ ಉಗುಳಿಬಿಡುತ್ತದೆ. “ಇವು ನಡೆಯುವುದಿಲ್ಲ, ಅಮ್ಮಾ” ಎಂಬ ಮಾತು ಕೇಳಿಬರುತ್ತದೆ. ತಟ್ಟೆಯಲ್ಲಿ ಹತ್ತು ರೂಪಾಯಿಯ ಹತ್ತು ನಾಣ್ಯಗಳಿದ್ದರೆ ಅವಳ ಪಾಲಿಗೆ ನೂರು ರೂಪಾಯಿ ನಷ್ಟವಾಯಿತು. ದಿನವಿಡೀ ಬಿಸಿಲಿನಲ್ಲಿ ಅಲೆದು ಗಳಿಸಿದ ಲಾಭದಲ್ಲಿ ಅದು ಸಣ್ಣ ಪಾಲಲ್ಲ. ಆ ನಾಣ್ಯಗಳು ನಿಜವಾಗಿಯೂ ಬೆಲೆಯಿಲ್ಲದವುಗಳೇ? ಅವುಗಳನ್ನು ಏನು ಮಾಡಬೇಕು? ಈ ಪ್ರಶ್ನೆಗಳಿಗೆ ಉತ್ತರ ತಿಳಿಯಬೇಕಾದರೆ ನಾಣ್ಯದ ಬೆಲೆ ಎಲ್ಲಿ ಅಡಗಿದೆ ಎಂಬುದನ್ನು ಮೊದಲು ಅರಿಯಬೇಕು.

ಹೊನ್ನಾವರ ಎಂಬ ಹೆಸರನ್ನು ಉಚ್ಚರಿಸಿದರೆ ‘ಹೊನ್ನು’ ಎಂಬ ಪದ ಕಿವಿಗೆ ಬೀಳುತ್ತದೆ. ಹೊನ್ನು ಎಂದರೆ ಚಿನ್ನ; ಹಿಂದೆ ಒಂದು ನಾಣ್ಯಕ್ಕೂ ಅದೇ ಹೆಸರಿತ್ತು. ವಿಜಯನಗರದ ಅರಸರ ಕಾಲದಲ್ಲಿ ಭಟ್ಕಳವು ದೊಡ್ಡ ಬಂದರಾಗಿತ್ತು. ಅರಬ್ಬೀ ದೇಶದ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಘಟ್ಟದ ಮೆಣಸು ಇಲ್ಲಿಂದ ಹಡಗನ್ನೇರುತ್ತಿತ್ತು. ಅಂದಿನ ನಾಣ್ಯದ ಬೆಲೆಯು ಅದರ ಲೋಹದಲ್ಲಿಯೇ ಇತ್ತು. ವರಹವೊಂದು ಸವೆದು ತೂಕ ಕಳೆದುಕೊಂಡರೆ ಅದರ ಬೆಲೆಯೂ ಅಷ್ಟರಮಟ್ಟಿಗೆ ಇಳಿಯುತ್ತಿತ್ತು. ಆದುದರಿಂದಲೇ ನಾಣ್ಯವನ್ನು ತೂಗಿ, ಒರೆಗಲ್ಲಿಗೆ ಉಜ್ಜಿ ಪರೀಕ್ಷಿಸುವ ಚಿನಿವಾರರು ಪೇಟೆಯಲ್ಲಿ ಇರಬೇಕಾಗಿತ್ತು. ಇಂದಿನ ಎಣಿಕೆಯ ಯಂತ್ರವು ಆ ಚಿನಿವಾರನ ಸ್ಥಾನದಲ್ಲಿ ಕುಳಿತಿದೆ ಎನ್ನಬಹುದು. ಆದರೆ ಅವನಿಗಿದ್ದ ವಿವೇಚನೆ ಇದಕ್ಕಿಲ್ಲ.

ಲೋಹದಲ್ಲಿಯೇ ಬೆಲೆಯಿದ್ದಾಗ ಅದನ್ನು ಕದಿಯುವ ಆಸೆಯೂ ಹುಟ್ಟುವುದು ಸಹಜ. ಇಂಗ್ಲೆಂಡಿನಲ್ಲಿ ಜನರು ಬೆಳ್ಳಿಯ ನಾಣ್ಯಗಳ ಅಂಚನ್ನು ಕತ್ತರಿಸಿ ಬೆಳ್ಳಿಯನ್ನು ಉಳಿಸಿಕೊಂಡು, ಉಳಿದ ಚೂರನ್ನು ಪೂರ್ಣ ಬೆಲೆಗೆ ಚಲಾಯಿಸುತ್ತಿದ್ದರು. ಕೊನೆಗೆ 1696ರಲ್ಲಿ ಅಲ್ಲಿನ ಸರ್ಕಾರವು ಹಳೆಯ ಬೆಳ್ಳಿಯ ನಾಣ್ಯಗಳನ್ನು ಹಿಂದಕ್ಕೆ ಪಡೆದು ಹೊಸದಾಗಿ ಅಚ್ಚು ಹಾಕಿಸಬೇಕಾಯಿತು. ಅದರಿಂದಾದ ನಷ್ಟವನ್ನು ತುಂಬಲು ಮನೆಯ ಕಿಟಕಿಗಳ ಮೇಲೆ ತೆರಿಗೆ ಹಾಕಲಾಯಿತು. ಮಹಾವಿಜ್ಞಾನಿ ಐಸಾಕ್ ನ್ಯೂಟನ್ ಅದೇ ವರ್ಷ ಲಂಡನ್ನಿನ ಟಂಕಸಾಲೆಯ ಅಧಿಕಾರಿಯಾಗಿ ಆ ಕಾರ್ಯದಲ್ಲಿ ತೊಡಗಿದನು. ನಾಣ್ಯದ ಅಂಚಿನಲ್ಲಿ ಕಾಣುವ ಸಣ್ಣ ಗೀರುಗಳು ಕೇವಲ ಅಲಂಕಾರವಲ್ಲ. ಅಂಚನ್ನು ಕತ್ತರಿಸಿದರೆ ಕೂಡಲೇ ಗೊತ್ತಾಗಲಿ ಎಂಬ ಉದ್ದೇಶದಿಂದ ಅವು ರೂಢಿಗೆ ಬಂದವು.

ಇಂದಿನ ನಾಣ್ಯದ ರೀತಿ ಬೇರೆ. ಭಾರತದಲ್ಲಿ 1957ರ ಏಪ್ರಿಲ್ 1ರಂದು ಆಣೆ, ಪೈಗಳ ಲೆಕ್ಕ ಹೋಗಿ ದಶಮಾಂಶ ಪದ್ಧತಿ ಬಂದಿತು. ಅಂದಿನಿಂದ ರೂಪಾಯಿಗೆ ನೂರು ಪೈಸೆ. ಈಗ ಮುಂಬಯಿ, ಕೋಲ್ಕತ್ತ, ಹೈದರಾಬಾದು ಮತ್ತು ನೋಯ್ಡಾಗಳಲ್ಲಿರುವ ಟಂಕಸಾಲೆಗಳಲ್ಲಿ ನಾಣ್ಯಗಳು ತಯಾರಾಗುತ್ತವೆ. ಅವುಗಳನ್ನು ಹೊರಡಿಸುವ ಅಧಿಕಾರ ಭಾರತ ಸರ್ಕಾರದ್ದು. ಜನರಿಗೆ ತಲುಪಿಸುವ ಹೊಣೆ ರಿಸರ್ವ್ ಬ್ಯಾಂಕಿನದು. ಒಂದು ರೂಪಾಯಿಯ ನಾಣ್ಯದಲ್ಲಿರುವುದು ಉಕ್ಕು; ಅದರ ಬೆಲೆಯಾದರೋ ಸರ್ಕಾರದ ಮಾತಿನಲ್ಲಿದೆ. ಆದ್ದರಿಂದ ನಾಣ್ಯ ಮಾಸಿದ ಮಾತ್ರಕ್ಕೆ ಅಥವಾ ಕೈಯಿಂದ ಕೈಗೆ ಹೋಗಿ ಒಂದಿಷ್ಟು ಸವೆದ ಮಾತ್ರಕ್ಕೆ ಆ ಮಾತು ಸುಳ್ಳಾಗುವುದಿಲ್ಲ.

ಹಾಗಾದರೆ ಯಂತ್ರವು ನಾಣ್ಯವನ್ನು ತಿರಸ್ಕರಿಸುವುದೇಕೆ? ಅದರ ಒಳಗೆ ತಿರುಗುವ ಬಿಲ್ಲೆಯೊಂದಿರುತ್ತದೆ. ಅದು ನಾಣ್ಯಗಳನ್ನು ಅಂಚಿಗೆ ತಳ್ಳಿ ಒಂದರ ಹಿಂದೆ ಒಂದರಂತೆ ಕಿರಿದಾದ ದಾರಿಯಲ್ಲಿ ಸಾಗಿಸುತ್ತದೆ. ಅಲ್ಲಿ ಪ್ರತಿಯೊಂದು ನಾಣ್ಯದ ವ್ಯಾಸ ಮತ್ತು ದಪ್ಪವನ್ನು ಅಳೆಯಲಾಗುತ್ತದೆ. ಕೆಲವು ಯಂತ್ರಗಳಲ್ಲಿ ತಂತಿಯ ಸುರುಳಿಯೊಂದು ಇರುತ್ತದೆ. ವಿದ್ಯುತ್ ಹರಿಯುವ ಆ ಸುರುಳಿಯ ಬಳಿಯಲ್ಲಿ ನಾಣ್ಯ ಹಾದುಹೋದಾಗ ಅದರ ಕಾಂತಕ್ಷೇತ್ರದಲ್ಲಿ ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸದಿಂದ ಲೋಹ ಯಾವುದೆಂದು ಯಂತ್ರಕ್ಕೆ ತಿಳಿಯುತ್ತದೆ. ಒಂದು ಆಯಸ್ಕಾಂತದಿಂದ ವಿದ್ಯಾರ್ಥಿಗಳೂ ಇದನ್ನು ಸರಳವಾಗಿ ಪರೀಕ್ಷಿಸಬಹುದು. ಉಕ್ಕಿನ ಒಂದು ರೂಪಾಯಿ ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಹಳದಿ ಬಣ್ಣದ ಐದು ರೂಪಾಯಿ ಅಂಟಿಕೊಳ್ಳುವುದಿಲ್ಲ. ಐದು ರೂಪಾಯಿಯದು ತಾಮ್ರ, ಸತು ಮತ್ತು ನಿಕ್ಕಲ್ ಸೇರಿದ ಹಿತ್ತಾಳೆ.

ಯಂತ್ರದ ನೆನಪಿನಲ್ಲಿ ಪ್ರತಿಯೊಂದು ನಾಣ್ಯಕ್ಕೂ ಗೊತ್ತಾದ ಅಳತೆ ಇರುತ್ತದೆ. ಬಾಗಿದ ನಾಣ್ಯ, ತುಕ್ಕು ಹಿಡಿದು ದಪ್ಪವಾದ ನಾಣ್ಯ, ಮೇಣ ಅಥವಾ ಅಂಟು ಮೆತ್ತಿದ ನಾಣ್ಯ ಇವು ಆ ಅಳತೆಗೆ ಹೊಂದುವುದಿಲ್ಲ. ಮತ್ತೊಂದು ತೊಡಕೂ ಉಂಟು. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿಯ ವ್ಯಾಸ 25 ಮಿಲಿಮೀಟರ್, ತೂಕ 4.85 ಗ್ರಾಂ. 2011ರಲ್ಲಿ ಬಂದ ಹೊಸ ಒಂದು ರೂಪಾಯಿಯು ಚಿಕ್ಕದು. ಅದರ ತೂಕ 3.79 ಗ್ರಾಂ ಮಾತ್ರ. ಆದರೆ ಅದೇ ವರ್ಷದ ಹೊಸ ಎರಡು ರೂಪಾಯಿಗೆ ಹೆಚ್ಚುಕಡಿಮೆ ಹಳೆಯ ಒಂದು ರೂಪಾಯಿಯ ಅಳತೆಯೇ ಇದೆ. ಮನುಷ್ಯನ ಕಣ್ಣು ಅಂಕೆಯನ್ನು ಓದಿ ಇವುಗಳ ಭೇದವನ್ನು ತಿಳಿಯುತ್ತದೆ. ಕೇವಲ ಅಳತೆಯನ್ನು ನಂಬಿದ ಯಂತ್ರವು ಗೊಂದಲಕ್ಕೆ ಒಳಗಾಗುತ್ತದೆ. ಆದುದರಿಂದ ಯಂತ್ರದ ತಿರಸ್ಕಾರಕ್ಕೆ “ಇದು ನನಗೆ ತಿಳಿಯಲಿಲ್ಲ” ಎಂಬಷ್ಟೇ ಅರ್ಥ. “ಇದು ಖೋಟಾ ನಾಣ್ಯ” ಎಂಬ ತೀರ್ಪನ್ನು ಅದು ಕೊಡುವುದಿಲ್ಲ.

ಕಡಲ ತೀರದಲ್ಲಿ ನಾಣ್ಯಗಳು ಬೇಗ ಕೆಡುವುದಕ್ಕೆ ತಕ್ಕ ಕಾರಣವಿದೆ. ನಾಣ್ಯದ ಉಕ್ಕಿನಲ್ಲಿ ನೂರಕ್ಕೆ 83 ಪಾಲು ಕಬ್ಬಿಣವೂ 17 ಪಾಲು ಕ್ರೋಮಿಯಂ ಎಂಬ ಲೋಹವೂ ಇರುತ್ತವೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದಂಥ ತೆಳುವಾದ ಪೊರೆಯನ್ನು ಹೊದಿಸಿ ಕಬ್ಬಿಣವನ್ನು ತುಕ್ಕಿನಿಂದ ಕಾಪಾಡುತ್ತದೆ. ಈ ಪೊರೆಯ ಶತ್ರುವೆಂದರೆ ಉಪ್ಪಿನಲ್ಲಿರುವ ಕ್ಲೋರೈಡ್. ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪಾಗುವ ಸಮುದ್ರದ ನೀರೇ ಮೀನಿನ ಬುಟ್ಟಿಯಿಂದಲೂ ತೊಟ್ಟಿಕ್ಕುತ್ತದೆ, ಕಡಲಗಾಳಿಯಲ್ಲಿಯೂ ತೇಲಿಬರುತ್ತದೆ. ಒದ್ದೆಯ ಸೆರಗಿನ ಗಂಟಿನಲ್ಲಿ ಬಹುಕಾಲ ಉಳಿದ ನಾಣ್ಯದ ಪೊರೆಯು ಅಲ್ಲಲ್ಲಿ ಒಡೆದು ಸೂಜಿಮೊನೆಯಂಥ ಕುಳಿಗಳಾಗುತ್ತವೆ. ಅಲ್ಲಿಂದ ಕೆಂಪು ಕಲೆ ಹರಡುತ್ತದೆ. ದೇವಾಲಯದ ಪುಷ್ಕರಣಿಯಲ್ಲಿ ಬಿದ್ದ ಕಾಣಿಕೆಯ ನಾಣ್ಯಗಳಿಗೂ ಇಂಥ ಗತಿಯೇ ಒದಗುತ್ತದೆ. ಸೇತುವೆಯ ಮೇಲೆ ಹೋಗುವಾಗ ಶರಾವತಿಗೆ ಎಸೆದ ನಾಣ್ಯಗಳಂತೂ ಮರಳಿ ಬರುವುದೇ ಇಲ್ಲ.

ತಟ್ಟೆಯಲ್ಲಿ ಉಳಿದ ನಾಣ್ಯಗಳನ್ನು ಮೊದಲು ವಿಂಗಡಿಸಬೇಕು. ಅವು ಸಾಮಾನ್ಯವಾಗಿ ನಾಲ್ಕು ಬಗೆಯಾಗಿರುತ್ತವೆ.

ಮೊದಲನೆಯವು ಮಾಸಿದ ಅಥವಾ ಕಲೆಯಾದ ನಾಣ್ಯಗಳು. ಅವುಗಳನ್ನು ಬೆಚ್ಚನೆಯ ನೀರಿನಲ್ಲಿ ಸಾಬೂನು ಇಲ್ಲವೆ ಅಂಟುವಾಳದ ನೊರೆಯಿಂದ ತೊಳೆದು ಬಟ್ಟೆಯಿಂದ ಚೆನ್ನಾಗಿ ಒರೆಸಿದರೆ ಸಾಕು. ಅನೇಕ ನಾಣ್ಯಗಳನ್ನು ಯಂತ್ರವು ಎರಡನೆಯ ಸಲ ಸ್ವೀಕರಿಸುತ್ತದೆ. ಹಿತ್ತಾಳೆಯ ಪಾತ್ರೆಗಳಂತೆ ಹುಣಸೆಹಣ್ಣು ಮತ್ತು ಉಪ್ಪು ಹಾಕಿ ಉಜ್ಜುವುದು ಮಾತ್ರ ತರವಲ್ಲ. ಹುಳಿಯು ಲೋಹವನ್ನು ತಿನ್ನುತ್ತದೆ. ಉಪ್ಪು ಉಕ್ಕಿನ ಪೊರೆಯನ್ನು ಇನ್ನಷ್ಟು ಕೆಡಿಸುತ್ತದೆ.

ಎರಡನೆಯವು ಬಳಕೆಯಿಂದ ಸವೆದವು, ಆಕಸ್ಮಿಕವಾಗಿ ಬಾಗಿದವು, ನಡುವಿನ ಬಿಲ್ಲೆ ಕಳಚಿದ ಹತ್ತು ರೂಪಾಯಿಯಂಥವು. ಇವುಗಳನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಬಾರದು. ಕಳಚಿದ ಭಾಗಗಳನ್ನು ಅಂಟಿಸಿ ಅರಿಯದವರಿಗೆ ದಾಟಿಸಬಾರದು. ಬೇರೆಯಾಗಿ ಇಟ್ಟು, ಹೇಗೆ ಕೆಟ್ಟಿತೆಂಬುದನ್ನು ಮುಚ್ಚಿಡದೆ ಬ್ಯಾಂಕಿನ ಶಾಖೆಯಲ್ಲಿ ತೋರಿಸಬೇಕು. ಹರಿದ ನೋಟಿನ ವಿಷಯದಲ್ಲಿ ಎಷ್ಟು ಭಾಗ ಉಳಿದಿದೆ ಎಂಬುದು ಮುಖ್ಯ. 20 ರೂಪಾಯಿಯವರೆಗಿನ ನೋಟಿನ ಅತಿ ದೊಡ್ಡ ತುಂಡು ಅರ್ಧಕ್ಕಿಂತ ಹೆಚ್ಚಾಗಿದ್ದರೆ ಪೂರ್ಣ ಬೆಲೆ ದೊರೆಯುತ್ತದೆ. ನಾಣ್ಯದ ವಿಷಯದಲ್ಲಾದರೋ ಕಾನೂನು ತೂಕವನ್ನೂ ರೂಪವನ್ನೂ ನೋಡುತ್ತದೆ. 2011ರ ನಾಣ್ಯ ಅಧಿನಿಯಮದ ಪ್ರಕಾರ ನಾಣ್ಯವು ವಿರೂಪವಾಗಿರಬಾರದು. ಗೊತ್ತುಪಡಿಸಿದ ಮಿತಿಗಿಂತ ತೂಕ ಕಳೆದುಕೊಂಡಿರಬಾರದು.

ಮೂರನೆಯವು ಬೇಕೆಂದೇ ಕೆಡಿಸಿದವು. ಉದಾಹರಣೆಗೆ, ತೂತು ಕೊರೆದು ಸರಕ್ಕೆ ಪೋಣಿಸಿದ ನಾಣ್ಯ, ಕತ್ತರಿಸಿದ ನಾಣ್ಯ. ಇವುಗಳಿಗೆ ಕಾನೂನಿನ ಮಾನ್ಯತೆ ಇಲ್ಲ. ಅಧಿಕಾರ ಪಡೆದ ಅಧಿಕಾರಿಯು ಇಂಥ ನಾಣ್ಯವನ್ನು ಕತ್ತರಿಸಿ ಚಲಾವಣೆಯಿಂದ ತೆಗೆಯಬಹುದು. ನಾಣ್ಯವನ್ನು ಕರಗಿಸುವುದು ಅಪರಾಧ. ಅದಕ್ಕೆ ಸೆರೆವಾಸವೂ ದಂಡವೂ ಉಂಟು.

ನಾಲ್ಕನೆಯವು ಚಲಾವಣೆ ನಿಂತ ನಾಣ್ಯಗಳು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಅವುಗಳನ್ನು ನೆನಪಿಗಾಗಿ ಇಟ್ಟುಕೊಳ್ಳಬಹುದು. ಆದರೆ 50 ಪೈಸೆಯ ನಾಣ್ಯವನ್ನು ರದ್ದುಗೊಳಿಸಿಲ್ಲ. ಹತ್ತು ರೂಪಾಯಿಯ ನಾಣ್ಯವು ಹಲವು ವಿನ್ಯಾಸಗಳಲ್ಲಿ ಇರುವುದನ್ನು ಕಂಡು ಕೆಲವರು ಅದನ್ನು ಖೋಟಾ ಎಂದು ಶಂಕಿಸಿದ್ದರು. ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು.

ಚಲಾವಣೆಯಲ್ಲಿರುವ ಎಲ್ಲ ಬೆಲೆಯ ನಾಣ್ಯಗಳನ್ನೂ ಶಾಖೆಗಳಲ್ಲಿ ಸ್ವೀಕರಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಮತ್ತೆ ಮತ್ತೆ ಆದೇಶಿಸಿದೆ. ಒಂದು ಮತ್ತು ಎರಡು ರೂಪಾಯಿಯ ನಾಣ್ಯಗಳನ್ನು ತೂಗಿಯೂ ಪಡೆಯಬಹುದು. ನೂರು ನೂರರ ಚೀಲಗಳಲ್ಲಿ ಕಟ್ಟಿ ತಂದರೆ ಇಬ್ಬರಿಗೂ ಅನುಕೂಲ. 2011ರ ಮಾದರಿಯ ಒಂದು ರೂಪಾಯಿಯ ನೂರು ನಾಣ್ಯಗಳ ತೂಕ 379 ಗ್ರಾಂ. ಹಳೆಯದನ್ನೂ ಹೊಸದನ್ನೂ ಬೆರೆಸಿದರೆ ಈ ಲೆಕ್ಕ ತಪ್ಪುತ್ತದೆ. ಆದುದರಿಂದ ಮನೆಯಲ್ಲಿಯೇ ವಿಂಗಡಿಸಿ ಕಟ್ಟುವುದು ಲೇಸು. ಯಂತ್ರ ಒಪ್ಪಲಿಲ್ಲವೆಂಬುದು ಒಳ್ಳೆಯ ನಾಣ್ಯವನ್ನು ನಿರಾಕರಿಸಲು ಕಾರಣವಾಗಲಾರದು. ಕೈಯಿಂದ ಎಣಿಸುವ ದಾರಿ ಇದ್ದೇ ಇದೆ. ನಿರಾಕರಿಸಿದರೆ ಶಾಖೆಯ ವ್ಯವಸ್ಥಾಪಕರಿಗೆ ಲಿಖಿತವಾಗಿ ತಿಳಿಸಬಹುದು. ಅಂಗಡಿಯ ಕೊಡುಕೊಳ್ಳುವಿಕೆಯಲ್ಲಾದರೆ ಒಂದು ಮಿತಿಯುಂಟು. ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳನ್ನು 1,000 ರೂಪಾಯಿಯವರೆಗೆ ಮಾತ್ರ ಕಾನೂನಿನ ಬಲದಿಂದ ಸಲ್ಲಿಸಬಹುದು. ಅರ್ಧ ರೂಪಾಯಿಯ ನಾಣ್ಯಗಳಿಗೆ ಹತ್ತು ರೂಪಾಯಿಯೇ ಮಿತಿ.

ಈ ಸಮಸ್ಯೆ ಭಾರತದ್ದು ಮಾತ್ರವಲ್ಲ. ಯೂರೋ ನಾಣ್ಯ ನಡೆಯುವ ಯೂರೋಪಿನ ದೇಶಗಳು 2010ರಲ್ಲಿ ಒಂದು ನಿಯಮವನ್ನು ರೂಪಿಸಿದವು. ಬೇಕೆಂದೇ ಕೆಡಿಸಿದ ನಾಣ್ಯಗಳಿಗೆ ಹಣ ಕೊಡಲು ನಿರಾಕರಿಸಬಹುದು. ಆದರೆ ಧರ್ಮಕಾರ್ಯಕ್ಕೆಂದು ಕಾರಂಜಿಗಳಿಂದ ಕೂಡಿಸಿದ ನಾಣ್ಯಗಳಿಗೆ ಆ ನಿಯಮದಲ್ಲಿ ವಿನಾಯಿತಿ ಇದೆ. ರೋಮ್ ನಗರದ ಟ್ರೆವಿ ಕಾರಂಜಿಗೆ ಪ್ರವಾಸಿಗರು ಎಸೆಯುವ ನಾಣ್ಯಗಳನ್ನು ಹೆಕ್ಕಿ ಬಡವರ ಸೇವೆಗೆ ಬಳಸುತ್ತಾರೆ. ನೀರಿನಲ್ಲಿ ಬಿದ್ದು ಕಪ್ಪಾದ ನಾಣ್ಯವೂ ಅಲ್ಲಿ ಒಬ್ಬನ ಊಟವಾಗುತ್ತದೆ.

ನಾಣ್ಯವು ಯಾರೊಬ್ಬರ ಸ್ವತ್ತೂ ಅಲ್ಲ. ಇಂದು ಭಟ್ಕಳದ ಅಂಗಡಿಯಲ್ಲಿದ್ದುದು ನಾಳೆ ಹೊನ್ನಾವರದ ಮೀನು ಪೇಟೆಯಲ್ಲಿ, ನಾಡಿದ್ದು ಕುಮಟೆಯ ಬಸ್ಸಿನಲ್ಲಿ ಇರುತ್ತದೆ. ಅದು ಸವೆಯುವುದು ಎಲ್ಲರ ಕೈಯಲ್ಲಿ. ಆದರೆ ತಿರಸ್ಕೃತವಾದ ದಿನ ಅದರ ನಷ್ಟವೆಲ್ಲ ಕೊನೆಯಲ್ಲಿ ಹಿಡಿದವನೊಬ್ಬನ ಮೇಲೆಯೇ ಬೀಳುತ್ತದೆ. ಆ ಕೊನೆಯವನು ಬಹುಮಟ್ಟಿಗೆ ಬಡವನು. ಚಿಲ್ಲರೆಯಲ್ಲಿಯೇ ಬದುಕು ಸಾಗಿಸುವವನು. ಆದುದರಿಂದ ನಾಣ್ಯವನ್ನು ಕೆಡದಂತೆ ಬಳಸುವುದು, ಕೆಟ್ಟುದನ್ನು ಅರಿಯದವರಿಗೆ ದಾಟಿಸದೆ ಸರಿಯಾದ ಸ್ಥಳಕ್ಕೆ ಮುಟ್ಟಿಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ. ಅಕ್ಷರ ಬಲ್ಲ ವಿದ್ಯಾರ್ಥಿಯೊಬ್ಬನು ನೆರೆಮನೆಯ ಅಜ್ಜಿಯ ಗಂಟನ್ನು ಬಿಚ್ಚಿ, ನಾಣ್ಯಗಳನ್ನು ತೊಳೆದು, ವಿಂಗಡಿಸಿ, ಅವಳೊಡನೆ ಬ್ಯಾಂಕಿಗೆ ಹೋಗಿಬಂದರೆ ಅವಳ ದುಡಿಮೆಯ ಬೆಲೆ ಅವಳಿಗೆ ಉಳಿಯುತ್ತದೆ.