ಸೆರೆಂಗೆಟಿಯ ಮಹಾಯಾತ್ರೆ

ತಾಂಜಾನಿಯದ ಅರುಷಾ ಪಟ್ಟಣದಿಂದ ಹೊರಟ ಪ್ರವಾಸಿಯ ಜೀಪು ಗೊರೊಂಗೊರೊ ಜ್ವಾಲಾಮುಖಿಯ ಅಂಚನ್ನು ಏರಿ ಇಳಿಯುವಾಗ, ದಾರಿಯ ಬದಿಯಲ್ಲಿ ಕೆಂಪು ವಸ್ತ್ರ ಹೊದ್ದು ಕೈಯಲ್ಲಿ ಕೋಲು ಹಿಡಿದ ಮಾಸಾಯಿ ಗೋಪಾಲಕರು ಕಾಣಸಿಗುತ್ತಾರೆ. ಇನ್ನಷ್ಟು ದೂರ ಸಾಗಿದರೆ ದನಗಳೂ ಇಲ್ಲ, ಮರಗಳೂ ಇಲ್ಲ. ಆಕಾಶದ ಅಂಚಿನವರೆಗೆ ಹುಲ್ಲೊಂದೇ. ಮಾಸಾಯಿ ಜನರ ಮಾತಿನಲ್ಲಿ ಇದು ‘ಸಿರಿಂಗೆಟ್’, ಎಂದರೆ ಕೊನೆಯಿಲ್ಲದ ಬಯಲು. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಸೆರೆಂಗೆಟಿಯ ವಿಸ್ತೀರ್ಣ ಇಂದು 14,763 ಚದರ ಕಿಲೋಮೀಟರು. ಉದ್ಯಾನವೆಂಬ ಮಾತು ಕೇಳಿ ಹೂಗಿಡಗಳನ್ನು ನೆನೆದು ಬಂದವರು ಬೆರಗಾಗಬೇಕು!

ಈ ಬಯಲಿನ ನಿಜವಾದ ಒಡೆಯ ಸಿಂಹವಲ್ಲ, ವೈಲ್ಡ್‌ಬೀಸ್ಟ್. ಎಮ್ಮೆಯ ಮೋರೆ, ಆಡಿನ ಗಡ್ಡ, ಕುದುರೆಯ ಬಾಲ. ಬ್ರಹ್ಮನು ಉಳಿದ ತುಂಡುಗಳನ್ನೆಲ್ಲ ಕೂಡಿಸಿ ಮಾಡಿದಂತಿರುವ ಜಿಂಕೆಯ ಬಳಗದ ಪ್ರಾಣಿ. ಜ್ವಾಲಾಮುಖಿಯ ಬೂದಿಯಿಂದ ಸತ್ವಗೊಂಡ ದಕ್ಷಿಣದ ಹುಲ್ಲುಗಾವಲಿನಲ್ಲಿ ಫೆಬ್ರವರಿಯ ಸುಮಾರಿಗೆ, ಕೆಲವೇ ವಾರಗಳಲ್ಲಿ, ಲಕ್ಷಾಂತರ ಕರುಗಳು ಹುಟ್ಟುತ್ತವೆ. ಹುಟ್ಟಿದ ಕೆಲವು ನಿಮಿಷಗಳಲ್ಲೇ ಕರು ಎದ್ದು ನಿಲ್ಲುತ್ತದೆ. ನಿಲ್ಲದಿದ್ದರೆ ಕತ್ತೆಕಿರುಬ ಕಾದೇ ಇರುತ್ತದೆ. ಮಳೆ ನಿಂತು ಹುಲ್ಲು ಒಣಗಿದೊಡನೆ ಹಿಂಡು ಜೀಬ್ರಾಗಳ ಜೊತೆಗೂಡಿ ಪಶ್ಚಿಮಕ್ಕೂ ಉತ್ತರಕ್ಕೂ ಹೊರಡುತ್ತದೆ. ಮೊಸಳೆಗಳಿರುವ ಮಾರಾ ನದಿಯನ್ನು ಈಜಿ ದಾಟುತ್ತದೆ. ವರ್ಷದ ಕೊನೆಗೆ ಮಳೆಯನ್ನರಸಿ ಮರಳುತ್ತದೆ.

ಇಂದಿನ ಪ್ರವಾಸಿ ಕಾಣುವ ಈ ಅಪಾರ ಹಿಂಡು ಅನಾದಿಯಿಂದ ಹೀಗೆಯೇ ಇತ್ತೆಂದು ಭಾವಿಸುವುದು ಸಹಜ. ಆದರೆ 1890ರ ಸುಮಾರಿಗೆ ದನಗಳ ದೊಡ್ಡರೋಗ ಪೂರ್ವ ಆಫ್ರಿಕವನ್ನು ಹೊಕ್ಕಿತು. ಮಾಸಾಯಿಗಳ ಹಟ್ಟಿಗಳು ಬರಿದಾದವು, ಹಸಿವಿನಿಂದ ಜನರು ಸತ್ತರು. ಕಾಡೆಮ್ಮೆಗಳೂ ವೈಲ್ಡ್‌ಬೀಸ್ಟ್‌ಗಳೂ ರಾಶಿರಾಶಿಯಾಗಿ ಮಡಿದವು. ಮುಂದೆ ಎಷ್ಟೋ ದಶಕಗಳ ಕಾಲ ಅದು ಮತ್ತೆ ಮತ್ತೆ ಮರಳಿ ಎಳೆಯ ಪ್ರಾಣಿಗಳನ್ನು ಕೊಂದಿತು. ಕನ್ನಡನಾಡಿನ ಬಂಡೀಪುರದ ಕಾಟಿಗಳೂ 1968ರಲ್ಲಿ ಇದೇ ರೋಗಕ್ಕೆ ತುತ್ತಾದವು.

ಕಾಡುಮೃಗಗಳೇ ರೋಗದ ತವರು, ಅವುಗಳಿಂದಲೇ ದನಗಳಿಗೆ ಅಂಟುತ್ತದೆ ಎಂಬ ನಂಬಿಕೆಯಿತ್ತು. ನಡೆದದ್ದು ಬೇರೆ. ಬಯಲಿನ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ, 1960ರ ದಶಕದ ಮೊದಲ ವರ್ಷಗಳಲ್ಲಿ, ಲಸಿಕೆಯ ಸೂಜಿಯನ್ನೇ ಕಾಣದ ವೈಲ್ಡ್‌ಬೀಸ್ಟ್‌ಗಳಿಂದಲೂ ರೋಗ ಮಾಯವಾಯಿತು! 1961ರಲ್ಲಿ ಸುಮಾರು 2,60,000 ಇದ್ದ ಹಿಂಡು, 1970ರ ದಶಕದ ಕೊನೆಯ ಹೊತ್ತಿಗೆ ಸುಮಾರು 13 ಲಕ್ಷವಾಯಿತು. ಅಷ್ಟು ಬಾಯಿಗಳು ಹುಲ್ಲು ಮೇಯತೊಡಗಿದ ಮೇಲೆ ಕಾಳ್ಗಿಚ್ಚಿಗೆ ಮೇವು ಸಾಲದಾಯಿತು. ಬೆಂಕಿ ತಗ್ಗಿದ ಕಡೆಗಳಲ್ಲಿ ಎಳೆಯ ಮರಗಳು ತಲೆಯೆತ್ತಿದವು. 2011ರಲ್ಲಿ ಈ ರೋಗವು ಭೂಮಂಡಲದಿಂದಲೇ ಅಳಿಯಿತೆಂದು ಸಾರಲಾಯಿತು.

ಹೀಗೆ ಹಟ್ಟಿಯ ದನಕ್ಕೆ ಕೊಟ್ಟ ಮದ್ದು ಕಾಡಿನ ಮೃಗವನ್ನು ಉಳಿಸಿತು. ಆದರೆ ದನ ಕಾಯುವವನ ಪಾಲಿಗೆ ಬಂದದ್ದೇನು? ತಲೆಮಾರುಗಳಿಂದ ಅಲ್ಲಿ ಮೇಯಿಸಿಕೊಂಡಿದ್ದ ಮಾಸಾಯಿಗಳನ್ನು 1959ರಲ್ಲಿ ಉದ್ಯಾನದ ಎಲ್ಲೆಯಿಂದಾಚೆಗೆ, ಗೊರೊಂಗೊರೊ ಕಡೆಗೆ ಕಳುಹಿಸಲಾಯಿತು. ಮೃಗಗಳು ನಿರ್ಭಯವಾಗಿ ಬಾಳಬೇಕೆಂಬ ಉದ್ದೇಶ ದೊಡ್ಡದೇ. ಅದರ ಬೆಲೆಯನ್ನು ತೆತ್ತವರು ಮಾತ್ರ ದೂರದ ಊರುಗಳಿಂದ ಬಂದು ನೋಡಿ ಹೋಗುವವರಲ್ಲ.

ಸಂಜೆಯ ಹೊತ್ತಿಗೆ ಜೀಪು ಹಿಂದಿರುಗುತ್ತದೆ. ಪ್ರವಾಸಿಯ ಕ್ಯಾಮೆರಾದಲ್ಲಿ ಸಿಂಹ, ಚಿರತೆ, ಆನೆಗಳ ಚಿತ್ರಗಳು ತುಂಬಿವೆ. ಎಲ್ಲೆಯಾಚೆ ಧೂಳೆಬ್ಬಿಸುತ್ತ ಹಟ್ಟಿಗೆ ಮರಳುವ ದನಗಳ ಸಾಲನ್ನೂ, ಅವುಗಳ ಹಿಂದೆ ಕೋಲು ಹಿಡಿದು ನಡೆಯುವ ಹುಡುಗನನ್ನೂ ಆತ ಒಂದು ಕ್ಷಣ ನಿಂತು ನೋಡಿದರೆ, ಸೆರೆಂಗೆಟಿಯ ಕಥೆ ಪೂರ್ತಿಯಾದೀತು.